ಶಾಲೆ ಬಿಟ್ಟವರ ಹಾಜರಿ

ಹೊನ್ನಾವರದ ನಮ್ಮ ಶಾಲೆಯಲ್ಲಿ ಎರಡು ಹಾಜರಿ ಪುಸ್ತಕ ಇದ್ದವು. ಒಂದು ಎಲ್ಲ ಶಾಲೆಯಲ್ಲೂ ಇರುವಂಥದ್ದು. ಇನ್ನೊಂದು ನಮ್ಮ ಹೆಡ್‌ಮಾಸ್ಟರ್ ಫಾದರ್ ಮೇಜಿನ ಖಾನೆಯಲ್ಲಿ ಇರುತ್ತಿತ್ತು. ಅಂಗಡಿಯವರು ಉದ್ರಿ ಲೆಕ್ಕ ಬರೆಯುವಂಥ ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ಬೈಂಡು. ಅದರಲ್ಲಿ ಶಾಲೆಗೆ ಬರುವ ಮಕ್ಕಳ ಹೆಸರು ಇರಲಿಲ್ಲ. ಬರುವುದನ್ನು ಬಿಟ್ಟವರ ಹೆಸರು ಇತ್ತು.

ನಾನು ಎಂಟನೇ ತರಗತಿಗೆ ಸೇರಿದ್ದು 1988ರ ಜೂನ್‌ನಲ್ಲಿ. ಮನೆ ಶರಾವತಿಯ ಆಚೆ ದಡದಲ್ಲಿ, ಕಾಸರಕೋಡ ಟೊಂಕದ ಹತ್ತಿರ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಫಾದರ್ ನಮಗೆ ಕನ್ನಡ ಪಾಠ ಮಾಡುತ್ತಿದ್ದರು. ಭಾನುವಾರ ಪೂಜೆ ಮುಗಿದ ಮೇಲೆ ಕ್ರೈಸ್ತ ಮಕ್ಕಳಿಗೆ ಒಂದು ಗಂಟೆ ಧರ್ಮದ ಪಾಠವೂ ಅವರದ್ದೇ.

ಆ ಭಾನುವಾರದ ಪಾಠಗಳಲ್ಲಿ ಒಂದು ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ. ಸಂತ ಪೌಲ ಥೆಸಲೋನಿಕದವರಿಗೆ ಬರೆದ ಮೊದಲನೇ ಪತ್ರ. ಹೊಸ ಒಡಂಬಡಿಕೆಯ ತೀರಾ ಹಳೆಯ ಬರಹಗಳಲ್ಲಿ ಅದೂ ಒಂದು. ಕ್ರಿಸ್ತಶಕ 50ರ ಆಸುಪಾಸಿನದ್ದು. ಫಾದರ್ ಎಲ್ಲರ ಕೈಗೂ ಒಂದೊಂದು ಪೆನ್ಸಿಲ್ ಕೊಟ್ಟರು. "ಇದರಲ್ಲಿ ಐದು ಅಧ್ಯಾಯ ಇದೆ. ಒಂದೊಂದು ಅಧ್ಯಾಯದ ಕೊನೆಗೂ ಪೌಲ ಒಂದೇ ಮಾತಿಗೆ ಬಂದು ನಿಲ್ತಾನೆ. ಅದು ಯಾವ ಮಾತು, ಹುಡುಕಿ" ಅಂದರು. ನಾವು ಪುಟ ತಿರುವಿ ತಿರುವಿ ಹುಡುಕಿದೆವು. ಮೊದಲು ಹೇಳಿದ್ದು ಮುಂದಿನ ಬೆಂಚಿನ ಒಬ್ಬಳು ಹುಡುಗಿ. "ಯೇಸು ಮತ್ತೆ ಬರೋದು, ಫಾದರ್." ನೋಡಿದರೆ ಹೌದು, ಐದಕ್ಕೆ ಐದೂ ಹಾಗೇ.

ಆಮೇಲೆ ಎರಡನೇ ಅಧ್ಯಾಯದ ಕೊನೆಯನ್ನು ಜೋರಾಗಿ ಓದಿಸಿದರು. ಪೌಲ ಅಲ್ಲಿ ಕೇಳುತ್ತಾನೆ. ಪ್ರಭು ಬರುವ ದಿನ ನಮ್ಮ ನಿರೀಕ್ಷೆ ಯಾವುದು, ನಮ್ಮ ಕಿರೀಟ ಯಾವುದು? ನೀವೇ ಅಲ್ಲವೇ? ಫಾದರ್ ಹೇಳಿದರು: "ಪೌಲ ಆ ಊರಲ್ಲಿ ಬಹಳ ದಿನ ಇರಲಿಲ್ಲ. ಗಲಾಟೆ ಎದ್ದು ರಾತ್ರೋರಾತ್ರಿ ಹೊರಟುಹೋಗಬೇಕಾಯ್ತು. ಇದ್ದಷ್ಟು ದಿನ ಹಗಲೂ ರಾತ್ರಿ ಕೈಯಾರೆ ದುಡಿದು ತನ್ನ ಊಟ ತಾನೇ ನೋಡಿಕೊಂಡ, ಯಾರಿಗೂ ಭಾರ ಆಗಲಿಲ್ಲ. ಅವನ ಕೈಗೆ ಏನೂ ಸಿಗಲಿಲ್ಲ. ಆದರೂ ಆ ಜನರ ಮುಖ ನೆನೆಸಿಕೊಂಡು ನನ್ನ ಕಿರೀಟ ನೀವೇ ಅಂತಾನೆ."

ಹಿಂದಿನ ಬೆಂಚಿನಿಂದ ಯಾರೋ ಕೇಳಿದರು, ಪ್ರಭು ಹೇಗೂ ಬರ್ತಾನಲ್ಲ ಫಾದರ್, ಮತ್ತೆ ನಾವು ಇಷ್ಟೆಲ್ಲ ಯಾಕೆ ಮಾಡಬೇಕು ಅಂತ. ಥೆಸಲೋನಿಕದಲ್ಲೂ ಕೆಲವರು ಹೀಗೇ ಕೆಲಸ ಬಿಟ್ಟು ಕೂತಿದ್ದರಂತೆ. ಫಾದರ್ ಬೈಯಲಿಲ್ಲ. "ದೋಣಿ ಬರುವ ಹೊತ್ತಿಗೆ ನಿಮ್ಮ ಅಮ್ಮ ಏನು ಮಾಡ್ತಾಳೆ?" ಅಂತ ಕೇಳಿದರು. ನಮಗೆಲ್ಲ ಗೊತ್ತಿತ್ತು. ಬುಟ್ಟಿ ತೊಳೆದು ಇಡುತ್ತಾಳೆ, ಕತ್ತಿ ಮಸೆಯುತ್ತಾಳೆ, ಒಲೆ ಮೇಲೆ ನೀರು ಇಡುತ್ತಾಳೆ, ಬಾಗಿಲಿಗೂ ಒಳಕ್ಕೂ ಹತ್ತು ಸಲ ಓಡಾಡುತ್ತಾಳೆ. ದೋಣಿ ಬರುತ್ತದೆ ಅಂತ ಗೊತ್ತಿರುವ ಮನೆಯಲ್ಲಿ ಯಾರೂ ಸುಮ್ನೆ ಕೂರುವುದಿಲ್ಲ. ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು.

ಮುಂದಿನ ವರ್ಷ ಆಗಸ್ಟ್‌ನಲ್ಲಿ ನಮ್ಮ ಮನೆಯ ದೋಣಿ ಬರಲಿಲ್ಲ. ಶರಾವತಿಯ ಅಳಿವೆ ನಮ್ಮ ಕಡೆಯವರಿಗೆ ಹೊಸದಲ್ಲ. ಹೂಳು ತುಂಬಿ ದಾರಿ ಆಗಾಗ ಜಾಗ ಬದಲಿಸುತ್ತದೆ. ಮಳೆಗಾಲದಲ್ಲಿ ನದಿಯ ನೀರು ಹೊರಗೆ ನುಗ್ಗುತ್ತದೆ, ಸಮುದ್ರದ ತೆರೆ ಒಳಗೆ ನುಗ್ಗುತ್ತದೆ. ಅಪ್ಪನ ನಾಡದೋಣಿ ಅಲ್ಲೇ ಮಗುಚಿತು. ಜೊತೆಗಿದ್ದ ಇಬ್ಬರು ಈಜಿ ದಡ ಸೇರಿದರು. ಅಪ್ಪ ಸಿಗಲೇ ಇಲ್ಲ.

ಮಣ್ಣು ಮಾಡಲಿಕ್ಕೆ ದೇಹವೂ ಇಲ್ಲದ ಸಾವು ಮನೆಯನ್ನು ಏನು ಮಾಡುತ್ತದೆ ಎಂಬುದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಅಮ್ಮ ಎರಡು ತಿಂಗಳು ಬಾಗಿಲು ಹಾಕಲಿಲ್ಲ. ರಾತ್ರಿಯೂ ತೆರೆದೇ ಇಡುತ್ತಿದ್ದಳು. ಬಂದವರೆಲ್ಲ ಸಮಾಧಾನ ಹೇಳಿದರು. ದೇವರ ಇಚ್ಛೆ ಅಂದರು, ಅಳಬೇಡ ಅಂದರು. ಫಾದರ್ ಬಂದು ಜಗುಲಿಯಲ್ಲಿ ಕೂತರು, ಜಪಮಾಲೆ ಹಿಡಿದುಕೊಂಡು. ಅಳಬೇಡ ಅನ್ನಲಿಲ್ಲ. ಮರುದಿನವೂ ಬಂದರು, ಕೂತರು, ಹೋದರು. ಅವರು ಬೈಬಲ್ ತೆರೆದದ್ದು ತುಂಬಾ ದಿನಗಳ ನಂತರ, ಅಮ್ಮನೇ ಬಾಯಿ ಬಿಟ್ಟು ಕೇಳಿದಾಗ. "ಫಾದರ್, ಮಣ್ಣಲ್ಲಿ ಇಟ್ಟವರು ಏಳ್ತಾರೆ ಅಂತ ಹೇಳ್ತೀರಿ. ಇವರು ಎಲ್ಲಿಂದ ಏಳ್ತಾರೆ?" ಫಾದರ್ ಪ್ರಕಟನೆ ಗ್ರಂಥದ 20ನೇ ಅಧ್ಯಾಯ ತೆಗೆದರು. ಆ ಕೊನೆಯ ದಿನ ಸಮುದ್ರ ತನ್ನೊಳಗಿರುವ ಸತ್ತವರನ್ನು ಒಪ್ಪಿಸಿಬಿಡುತ್ತದೆ ಎಂದು ಅಲ್ಲಿ ಬರೆದಿದೆ. ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು. ಅವತ್ತು ರಾತ್ರಿ ಬಾಗಿಲು ಹಾಕಿ ಮಲಗಿದಳು.

ನಾನು ಮಾತ್ರ ಆಗ ಮನೆಯಲ್ಲಿ ಇರಲಿಲ್ಲ. ಇದನ್ನೆಲ್ಲ ಅಮ್ಮ ಆಮೇಲೆ ಹೇಳಿದ್ದು. ಅಕ್ಟೋಬರ್ ಹೊತ್ತಿಗೆ ನಾನು ಶಾಲೆ ಬಿಟ್ಟು ಮಲ್ಪೆಗೆ ಹೋಗಿದ್ದೆ, ಬೋಟಿನಲ್ಲಿ ಅಡುಗೆ ಹುಡುಗನ ಕೆಲಸಕ್ಕೆ. ಮನೆಯಲ್ಲಿ ಇಬ್ಬರು ತಂಗಿಯರು. ಯಾರಾದರೂ ದುಡಿಯಲೇಬೇಕಿತ್ತಲ್ವಾ?

ಜನವರಿಯ ಒಂದು ಬೆಳಗಿನ ಜಾವ. ಇನ್ನೂ ಕತ್ತಲು. ನಮ್ಮ ಬೋಟು ಬಂದರಿಗೆ ಬಂತು. ಲೈಟಿನ ಕೆಳಗೆ ಮೀನಿನ ಬುಟ್ಟಿಗಳ ನಡುವೆ ಬಿಳಿ ನಿಲುವಂಗಿ ಕಾಣಿಸಿತು. ಅಂಚು ಪೂರ್ತಿ ಒದ್ದೆ, ಮೀನಿನ ನೀರು ಹತ್ತಿ ಕಪ್ಪಾಗಿತ್ತು. ಹೊನ್ನಾವರದಿಂದ ಹಿಂದಿನ ದಿನ ಸಂಜೆಯೇ ಬಸ್ಸು ಹತ್ತಿ ಬಂದಿದ್ದರು. ಯಾವ ಬೋಟು ಅಂತ ಗೊತ್ತಿಲ್ಲದೆ, ಬಂದ ಬೋಟಿಗೆಲ್ಲ ಹೋಗಿ ನನ್ನ ಹೆಸರು ಹೇಳಿ ಕೇಳಿದ್ದರಂತೆ. ಕೈಯಲ್ಲಿ ಅಮ್ಮ ಕೊಟ್ಟ ಒಣ ಸಿಗಡಿ ಚಟ್ನಿಯ ಡಬ್ಬಿ.

"ನಿನ್ನ ಬೆಂಚಿನ ಜಾಗ ಹಾಗೇ ಇದೆ ಮಗಾ. ಅಷ್ಟು ಹೇಳಿ ಹೋಗೋಣ ಅಂತ ಬಂದೆ" ಅಂದರು.

ನನಗೆ ಮಾತು ಬರಲಿಲ್ಲ. ಡಬ್ಬಿ ತಗೊಂಡೆ. ಅವರು ಬೇರೆ ಏನೂ ಹೇಳಲಿಲ್ಲ, ಒತ್ತಾಯವೂ ಮಾಡಲಿಲ್ಲ. ಏಳು ಗಂಟೆಯ ಬಸ್ಸಿಗೆ ಹೊರಟರು. ಹನ್ನೊಂದಕ್ಕೆ ಅವರಿಗೆ ಹತ್ತನೇ ತರಗತಿಯ ಪಾಠ ಇತ್ತು. ನಾನು ಮುಂದಿನ ವಾರ ಊರಿಗೆ ಬಂದೆ. ತಂಗಿಯರ ಫೀಸು, ಮನೆಗೆ ಅಕ್ಕಿ, ಎಲ್ಲ ಹೇಗೋ ನಡೆಯಿತು. ಹೇಗೆ ನಡೆಯಿತು, ಯಾರು ಕೊಟ್ಟರು ಎಂಬುದನ್ನು ಫಾದರ್ ಕೊನೆಯವರೆಗೂ ಹೇಳಲಿಲ್ಲ.

ಕೆಂಪು ಪುಸ್ತಕವನ್ನು ನಾನು ನೋಡಿದ್ದು ಹತ್ತನೇ ತರಗತಿಯಲ್ಲಿ, ಆಫೀಸಿನಲ್ಲಿ ಚಾಕ್ ಪೆಟ್ಟಿಗೆ ತರಲು ಹೋದಾಗ. ತೆರೆದೇ ಇತ್ತು. ಹೆಸರು, ಊರು, ಬಿಟ್ಟ ತಿಂಗಳು, ಕಾರಣ. ಕಾರಣದ ಕೆಳಗೆ ಒಂದೆರಡೇ ಶಬ್ದ. "ಗೋವಾ." "ಮಗು ನೋಡಿಕೊಳ್ಳಲು." "ಲೆಕ್ಕಕ್ಕೆ ಹೆದರಿ." ನನ್ನ ಹೆಸರಿನ ಮುಂದೆ "ಅಪ್ಪ ಇಲ್ಲ" ಎಂದಿತ್ತು. ಪಕ್ಕದಲ್ಲಿ ನಾಲ್ಕು ತಾರೀಕು. ಮೂರು ಸಲ ಮನೆಗೆ ಬಂದದ್ದು, ಒಂದು ಸಲ ಮಲ್ಪೆಗೆ. ಕೊನೆಯಲ್ಲಿ ಹಸಿರು ಶಾಯಿಯಲ್ಲಿ ಒಂದು ಸರಿ ಗುರುತು. ಆ ಪುಸ್ತಕದಲ್ಲಿ ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳ ಹೆಸರೂ ಇದ್ದವು. ಹಸಿರು ಗುರುತು ಇದ್ದದ್ದು ಕಡಿಮೆ. ಗುರುತಿಲ್ಲದ ಹೆಸರುಗಳೇ ಜಾಸ್ತಿ.

ಅದನ್ನು ನೋಡಿ ನಾನು ಕೇಳಿಯೇಬಿಟ್ಟೆ. "ಬರದೇ ಇದ್ದವರ ಹೆಸರು ಯಾಕೆ ಇಟ್ಟುಕೊಂಡಿದ್ದೀರಿ, ಫಾದರ್?" ಅವರು ಬೆಳಿಗ್ಗೆ ಐದಕ್ಕೆ ಚಾಪೆಲ್‌ನಲ್ಲಿ ಪ್ರಾರ್ಥನೆಗೆ ಕೂರುವಾಗ ಆ ಪುಸ್ತಕವೂ ಜೊತೆಗಿರುತ್ತಿತ್ತು, ಅದು ನನಗೆ ಗೊತ್ತಿರಲಿಲ್ಲ. "ಕೊನೆಯ ಹಾಜರಿ ಕರೆಯುವವನು ಇನ್ನೊಬ್ಬ ಇದ್ದಾನೆ" ಅಂದರು. "ಅವನು ಕರೆಯುವ ದಿನ ಈ ಮಕ್ಕಳ ಹೆಸರು ನನಗೆ ಮರೆತುಹೋಗಿರಬಾರದು."

ಅವರು ಆಗಾಗ ಜೋಸೆಫ್ ವಾಜ್ ಅವರ ಕಥೆ ಹೇಳುತ್ತಿದ್ದರು. 1651ರಲ್ಲಿ ಗೋವಾದ ಬಾಣಾವಲಿಯಲ್ಲಿ ಹುಟ್ಟಿದ ಕೊಂಕಣಿ ಪಾದ್ರಿ. 1681ರಿಂದ ಮೂರು ವರ್ಷ ನಮ್ಮ ಕೆನರಾ ಸೀಮೆಯಲ್ಲೇ ಸೇವೆ ಮಾಡಿದವರು. ಡಚ್ಚರ ಆಡಳಿತದಲ್ಲಿ ಸಿಲೋನಿನ ಕಥೋಲಿಕರಿಗೆ ಪಾದ್ರಿಗಳೇ ಇಲ್ಲ ಎಂದು ಕೇಳಿ 1687ರಲ್ಲಿ ಭಿಕ್ಷುಕನ ವೇಷದಲ್ಲಿ ಅಲ್ಲಿಗೆ ಹೋದರು. ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಮನೆ ಮನೆ ತಿರುಗಿದರು. ಅದನ್ನು ನೋಡಿ ಯಾರ ಕಣ್ಣು ಅರಳುತ್ತದೋ ಅವರೇ ಗುಟ್ಟಾಗಿ ನಂಬಿಕೆ ಉಳಿಸಿಕೊಂಡವರು ಅಂತ ತಿಳಿಯುತ್ತಿತ್ತು. ಕ್ಯಾಂಡಿಯಲ್ಲಿ ಗೂಢಚಾರ ಅಂತ ಜೈಲಿಗೆ ಹಾಕಿದರು. ಅದೇ ಕ್ಯಾಂಡಿಗೆ 1697ರಲ್ಲಿ ಸಿಡುಬು ಬಂದಾಗ ರೋಗಿಗಳ ಹುಣ್ಣು ತೊಳೆದವರೂ ಇವರೇ. ಬಿಷಪ್ ಪದವಿ ಬಂದರೆ ಬೇಡ ಅಂದರು. ಗೋವಾಕ್ಕೆ ಮತ್ತೆ ಬರಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಈ ಕಥೆ ಹೇಳುವಾಗ ಫಾದರ್ ಒಂದು ಕಡೆ ನಿಲ್ಲಿಸುತ್ತಿದ್ದರು. ಸಾಯುವ ಆ ರಾತ್ರಿ ವಾಜ್ ಅವರ ಕಣ್ಣಿಗೆ ಏನು ಕಂಡಿರಬಹುದು ಅಂತ ಕೇಳಿ ಸುಮ್ಮನಾಗುತ್ತಿದ್ದರು. ನಾವು ಉತ್ತರ ಹೇಳಬೇಕು ಅಂತಲ್ಲ. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದರು.

1995ರ ಜನವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೊಲಂಬೊದಲ್ಲಿ ಜೋಸೆಫ್ ವಾಜ್ ಅವರನ್ನು ಪುನೀತರು (ಸಂತ ಪದವಿಗೆ ಮುಂಚಿನ ಮೆಟ್ಟಿಲು) ಎಂದು ಸಾರಿದಾಗ ಫಾದರ್‌ರಿಂದ ನನಗೊಂದು ಪೋಸ್ಟ್ ಕಾರ್ಡ್ ಬಂತು. ಒಂದೇ ಸಾಲು: "284 ವರ್ಷ ಆಯ್ತು ನೋಡು." 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅದೇ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ಆಗ ಕಾರ್ಡ್ ಬರೆಯಲು ಫಾದರ್ ಇರಲಿಲ್ಲ.

ಫಾದರ್ ನಮ್ಮ ಶಾಲೆ ಬಿಟ್ಟದ್ದು 1992ರ ಮೇ ತಿಂಗಳಲ್ಲಿ. ಪಾದ್ರಿಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತದೆ. ರಜೆಯಲ್ಲಿ ಹೊರಟದ್ದರಿಂದ ಬೀಳ್ಕೊಡುಗೆ ಸಮಾರಂಭ ಮಾಡಲಿಕ್ಕೂ ಆಗಲಿಲ್ಲ. ಅವರಿಗೆ ಬೇಕಾದದ್ದೂ ಹಾಗೆಯೇ ಅಂತ ನನಗೆ ಅನಿಸುತ್ತದೆ. ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ. ಬಸ್ಸಿನ ಮೇಲೆ ಏರಿಸಿದ್ದು ನಾನೇ. ಟ್ರಂಕು ಅಷ್ಟು ಹಗುರ ಇತ್ತು, ಒಂದೇ ಕೈಯಲ್ಲಿ ಎತ್ತಿದೆ. ಕೆಂಪು ಪುಸ್ತಕ ಅದರೊಳಗೆ ಇರಲಿಲ್ಲ. ಅವರ ಹೆಗಲ ಚೀಲದಲ್ಲಿತ್ತು.

ನಾನು ಈಗ ಘಟ್ಟದ ಮೇಲೆ, ಯಲ್ಲಾಪುರ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಸೇವೆ ಅಂತ ನಾವು ಬಾಯಿ ತುಂಬ ಹೇಳುತ್ತೇವೆ. ನನ್ನ ಹತ್ತಿರವೂ ಒಂದು ಪುಸ್ತಕ ಇದೆ. ಗುರುತಿಲ್ಲದ ಹೆಸರುಗಳನ್ನು ವರ್ಷದ ಮೇಲೆ ವರ್ಷ ಹೊತ್ತುಕೊಂಡು ಹೋಗುವುದು ಎಷ್ಟು ಕಷ್ಟ ಅಂತ ಆಗ ತಿಳಿದಿರಲಿಲ್ಲ. ಎರಡು ಸಲ ಮನೆಗೆ ಹೋಗಿ ಬಂದರೆ ನನಗೆ ಸಾಕಾಗಿಬಿಡುತ್ತದೆ. ಫಾದರ್‌ಗೆ ಸಾಕಾಗದೇ ಇದ್ದದ್ದು ಸ್ವಭಾವದಿಂದ ಅಲ್ಲ. ಅವರಿಗೂ ಸುಸ್ತಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಆದರೆ ಈ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ ಎಂಬುದನ್ನು ಅವರು ನಿಜಕ್ಕೂ ನಂಬಿದ್ದರು. ನಾಳೆ ಬೆಳಗಾಗುತ್ತದೆ ಅಂತ ನಾವು ನಂಬುತ್ತೇವಲ್ಲ, ಹಾಗೆ.

2008ರಲ್ಲಿ ಅವರನ್ನು ಕೊನೆಯ ಸಲ ನೋಡಿದೆ. ವಯಸ್ಸಾದ ಪಾದ್ರಿಗಳು ಇರುವ ಮನೆಯಲ್ಲಿದ್ದರು. ಕಣ್ಣು ಮಂಜಾಗಿತ್ತು. ದಿಂಬಿನ ಪಕ್ಕ ಅದೇ ಪುಸ್ತಕ, ಬೈಂಡಿನ ಕೆಂಪು ಬಣ್ಣ ಹೋಗಿತ್ತು. ನನ್ನ ಸಂಬಳ, ಮನೆ, ಮಕ್ಕಳು ಯಾವುದನ್ನೂ ಅವರು ಕೇಳಲಿಲ್ಲ. ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳು ಇಟ್ಟರು. "ಇವನು ಸಿಕ್ಕಿದನಾ?"

1988ರಲ್ಲಿ ನನ್ನ ಜೊತೆ ಎಂಟನೇ ತರಗತಿಯಲ್ಲಿದ್ದವನು. ದೀಪಾವಳಿ ರಜೆಗೆ ಹೋದವನು ಮತ್ತೆ ಬರಲಿಲ್ಲ. ಫಾದರ್ ಅವನ ಮನೆಗೆ ಹೋದ ತಾರೀಕುಗಳು ಒಂದು ಸಾಲಿನಲ್ಲಿ ಹಿಡಿಸದೆ ಕೆಳಗೂ ಬರೆದಿದ್ದರು. ಪುಸ್ತಕವನ್ನು ನನ್ನ ಕೈಗೆ ಕೊಟ್ಟು "ನೀನು ಒಮ್ಮೆ ಹೋಗಿ ಬಾ" ಅಂದರು. ಹೋದೆ. ಮನೆಗೆ ಬೀಗ. ಗೋವಾದ ವಾಸ್ಕೋಗೆ ಹೋಗಿ ತುಂಬಾ ವರ್ಷ ಆಯ್ತು ಅಂತ ಅಕ್ಕಪಕ್ಕದವರು ಹೇಳಿದರು. ವಾಸ್ಕೋದಲ್ಲೂ ಎರಡು ಸಲ ಹುಡುಕಿದ್ದೇನೆ.

ಅವನ ಹೆಸರನ್ನು ಇಲ್ಲಿ ಅಚ್ಚು ಹಾಕುವುದು ಸರಿ ಅನಿಸಲಿಲ್ಲ. ಅವನಿಗೆ ಇಷ್ಟ ಇರುತ್ತದೋ ಇಲ್ಲವೋ. ಮಂಕಿ ಕಡೆಯಿಂದ ಬರುತ್ತಿದ್ದ, ಎಡಗೈಯಲ್ಲಿ ಬರೆಯುತ್ತಿದ್ದ, ಬಿ ವಿಭಾಗದ ಮೂರನೇ ಬೆಂಚಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗ. ಆ ವರ್ಷದ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ, ಅವನು ಎಲ್ಲಿದ್ದಾನೆ ಅಂತ ಗೊತ್ತಿದ್ದರೆ, ದಯವಿಟ್ಟು ಶಾಲೆಯ ಆಫೀಸಿಗೆ ಒಂದು ಮಾತು ತಿಳಿಸಿ. ಪುಸ್ತಕ ನನ್ನ ಹತ್ತಿರ ಇದೆ. ಹಸಿರು ಪೆನ್ನೂ ಇದೆ.