ಹೂಮಳೆ ಮುಗಿದ ಮೇಲೆ ಮಾಡಿನ ಕೆಲಸ

ಕೊಡಗಿನಲ್ಲಿ ಮನೆ ರಿಪೇರಿಗೆ ಸಿಗುವ ಸಮಯ ಕಡಿಮೆ. ಕಾಫಿ ಕೊಯ್ಲು, ಅದರ ಬೆನ್ನಿಗೇ ಕರಿಮೆಣಸು, ಜೂನ್ ಬಂತೆಂದರೆ ಮಳೆ. ನಡುವೆ ಉಳಿಯುವುದು ಏಪ್ರಿಲ್ ಮತ್ತು ಮೇ ತಿಂಗಳ ಒಂದಷ್ಟು ದಿನ. ಅಷ್ಟರಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಗೋಡೆಯ ಬಣ್ಣಕ್ಕೆ. ಸೋರುವ ಮಾಡಿನ (ಚಾವಣಿಯ) ಕೆಳಗೆ ಬಳಿದ ಬಣ್ಣ ಜುಲೈ–ಆಗಸ್ಟಿನ ಕಕ್ಕಡ ತಿಂಗಳಿಗೆ ಹಪ್ಪಳದಂತೆ ಎದ್ದು ಬರುತ್ತದೆ. ಮೊದಲು ಮಾಡು, ಆಮೇಲೆ ಸೂರಿನ ನೀರು ಹಿಡಿದು ಸಾಗಿಸುವ ದಂಬೆ, ಆಮೇಲೆ ಗೋಡೆ, ಕೊನೆಗೆ ಬಣ್ಣ. ನೀರು ಇಳಿಯುವ ದಾರಿಯಲ್ಲೇ ಕೆಲಸವೂ ಇಳಿದು ಬರಬೇಕು.

ಸೋರುವ ಜಾಗ ಹುಡುಕಲು ಹೂಮಳೆಗಿಂತ ಒಳ್ಳೆಯ ಸಮಯವಿಲ್ಲ. ಕಾಫಿ ಹೂವಿಗೆಂದು ಕಾಯುವ ಆ ಮಳೆ ಬೀಳುವಾಗ ಟಾರ್ಚ್ ಮತ್ತು ಸೀಮೆಸುಣ್ಣ ಹಿಡಿದು ಅಟ್ಟ ಹತ್ತಿ. ಹನಿ ಬೀಳುವ ಜಾಗದ ನೇರ ಮೇಲೆಯೇ ಹಂಚು ಒಡೆದಿರಬೇಕೆಂದಿಲ್ಲ. ನೀರು ಹಂಚು ಕೂರುವ ಅಡ್ಡಪಟ್ಟಿಯಾದ ರೀಪಿನ ಅಂಚು ಹಿಡಿದು, ರೀಪನ್ನು ಹೊರುವ ಇಳಿಜಾರು ಮರವಾದ ಪಕ್ಕಾಸಿಗೆ ಬಂದು, ಅದರ ಅಡಿಯಲ್ಲೇ ನಾಲ್ಕೈದು ಅಡಿ ಜಾರಿ, ಎಲ್ಲಾದರೂ ಗಂಟು ಅಥವಾ ಮೊಳೆ ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಹನಿಯಿಂದ ಶುರುಮಾಡಿ ಒದ್ದೆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿ. ಗೆರೆ ನಿಂತಲ್ಲಿ ರೀಪಿನ ಮೇಲೆ ಗುರುತು ಹಾಕಿ. ಮಳೆ ಸಿಗದಿದ್ದರೆ ಒಬ್ಬರು ಏಣಿಯ ಮೇಲಿಂದ ಪೈಪಿನಲ್ಲಿ ನೀರು ಬಿಡಲಿ, ಇನ್ನೊಬ್ಬರು ಒಳಗಿಂದ ನೋಡಲಿ. ಸೂರಿನಿಂದ ಶುರುಮಾಡಿ ಒಂದೊಂದೇ ಸಾಲು ಮೇಲಕ್ಕೆ ಹೋಗಬೇಕು. ಮೇಲಿನಿಂದ ಬಿಟ್ಟರೆ ನೀರು ಇಡೀ ಮಾಡಿನ ಮೇಲೆ ಹರಿದು ಏನೂ ತಿಳಿಯುವುದಿಲ್ಲ.

ಹತ್ತುವ ಮುನ್ನ ಏಣಿಯ ಮಾತು. ಮೆಣಸು ಕೊಯ್ಯಲು, ಮರಗಪಾತಿಗೆ (ನೆರಳು ಮರದ ಕೊಂಬೆ ಕಡಿಯಲು) ಎಂದು ಇಲ್ಲಿನ ಮನೆಮನೆಯಲ್ಲೂ ಉದ್ದದ ಅಲ್ಯೂಮಿನಿಯಂ ಏಣಿ ಇದೆ. ತೋಟದಲ್ಲಿ ಅದು ವಿದ್ಯುತ್ ತಂತಿಗೆ ತಗುಲಿ ಜೀವಗಳು ಹೋಗಿವೆ. ಮನೆಗೆ ಬರುವ ಸರ್ವಿಸ್ ವೈರ್ ಹೆಚ್ಚಾಗಿ ಸೂರಿನ ಹತ್ತಿರವೇ ಹಾದಿರುತ್ತದೆ. ಆ ಬದಿಗೆ ಮರದ್ದೋ ಬಿದಿರಿನದೋ ಒಣಗಿದ ಏಣಿಯೇ ಇರಲಿ, ಆಗಲೂ ತಂತಿಯಿಂದ ದೂರ ಇರಲಿ. ಏಣಿಯ ಬುಡ ಗೋಡೆಯಿಂದ ಎತ್ತರದ ನಾಲ್ಕನೇ ಒಂದು ಭಾಗದಷ್ಟು ಆಚೆಗಿರಬೇಕು, ತುದಿ ಸೂರಿಗಿಂತ 3 ಅಡಿ ಮೇಲಿರಬೇಕು. ಹಂಚಿನ ಮೇಲೆ ನೇರವಾಗಿ ಓಡಾಡಬೇಡಿ. ಇನ್ನೊಂದು ಹಗುರ ಏಣಿಯನ್ನು ಮಾಡಿನ ಮೇಲೆ ಮಲಗಿಸಿ, ಅದಕ್ಕೆ ಕಟ್ಟಿದ ಹಗ್ಗವನ್ನು ನೆತ್ತಿ ದಾಟಿಸಿ ಆಚೆ ಬದಿಯ ಗಟ್ಟಿ ಮರಕ್ಕೋ ಕಂಬಕ್ಕೋ ಬಿಗಿದು, ಅದರ ಮೇಲೆ ಹತ್ತಬೇಕು. ಪಾಚಿ ಕಟ್ಟಿದ ಹಂಚು ಬಿಸಿಲಿಗೆ ಪೂರ್ತಿ ಒಣಗುವವರೆಗೆ ಮೇಲೆ ಹೋಗುವ ಮಾತೇ ಇಲ್ಲ.

ಒಡೆದ ಒಂದು ಹಂಚು ಬದಲಿಸಲು ಹತ್ತು ನಿಮಿಷ ಸಾಕು. ಮೇಲಿನ ಸಾಲಿನ ಎರಡು ಹಂಚನ್ನು ತುಸು ಎತ್ತಿ ಅಡಿಗೆ ಮರದ ತುಂಡು ಕೊಡಿ, ಒಡೆದದ್ದನ್ನು ಎತ್ತಿ ಕೆಳಗೆ ಜಾರಿಸಿ ತೆಗೆಯಿರಿ, ಹೊಸದರ ಹಿಂಬದಿಯ ಕೊಕ್ಕೆ ರೀಪಿಗೆ ಸಿಕ್ಕುವಂತೆ ಕೂರಿಸಿ. ಕಷ್ಟ ಇರುವುದು ಹೊಂದುವ ಹಂಚು ತರುವುದರಲ್ಲಿ. ಮಂಗಳೂರು ಹಂಚೆಂದು ಎಲ್ಲವನ್ನೂ ಕರೆದರೂ ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ತರ. ಪಕ್ಕದ ಹಂಚಿನ ಅಂಚಿನ ತೋಡಿನಲ್ಲಿ ಕೂರದ ಹಂಚು ಹಾಕಿದರೆ ಅರ್ಧ ಬೆರಳಿನಷ್ಟು ಸಂದು ಉಳಿದು, ಗಾಳಿ ಮಳೆ ಅಲ್ಲಿಂದಲೇ ಒಳಗೆ ನುಗ್ಗುತ್ತದೆ. ಅಂಗಡಿಗೆ ಹೋಗುವಾಗ ಹಳೆಯದೊಂದನ್ನು ಕೈಯಲ್ಲಿ ಹಿಡಿದು ಹೋಗಿ; ಹಂಚಿನ ಹಿಂದೆ ಇರುವ ಕಾರ್ಖಾನೆಯ ಹೆಸರನ್ನೂ ನೋಡಿಕೊಳ್ಳಿ. ಹಳೆಮನೆ ಬಿಚ್ಚಿದ ಹಂಚು ಕೊಳ್ಳುವುದಾದರೆ ಪ್ರತಿಯೊಂದನ್ನೂ ಗೆಣ್ಣಿನಿಂದ ಬಡಿಯಿರಿ. ಠಣ್ ಎಂದರೆ ಗಟ್ಟಿ, ಮಂದ ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ. ಇಡೀ ಮಾಡು ಹೊದಿಸಲು 100 ಚದರ ಅಡಿಗೆ ಸುಮಾರು 140–150 ಹಂಚು ಬೇಕು. ಲೆಕ್ಕಕ್ಕೆ ಇಳಿಜಾರಿನ ಅಳತೆ ಹಿಡಿಯಿರಿ, ನೆಲದ ಅಳತೆಯಲ್ಲ.

ಹಂಚು ತೆಗೆದಾಗ ರೀಪನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಅದು ಮುಗಿದ ರೀಪು. ಹೊಸತಕ್ಕೆ 2 ಇಂಚು ಅಗಲ, 1 ಇಂಚು ದಪ್ಪದ ಮರ ನಡೆಯುತ್ತದೆ. ರೀಪಿನಿಂದ ರೀಪಿಗೆ ಅಂತರ ಒಂದಡಿಗಿಂತ ತುಸು ಹೆಚ್ಚು; ಅಂದಾಜಿಗೆ ಮೊಳೆ ಹೊಡೆಯದೆ, ಎರಡು ಹಂಚನ್ನು ನೆಲದಲ್ಲಿ ಒಂದಕ್ಕೊಂದು ಕೂರಿಸಿ ಕೊಕ್ಕೆಯಿಂದ ಕೊಕ್ಕೆಗೆ ಅಳೆದುಕೊಳ್ಳಿ. ಮರಕ್ಕೆ ಗೇರುಎಣ್ಣೆ ಬಳಿಯುವ ಹಳೆಯ ಪದ್ಧತಿ ಗೆದ್ದಲಿಗೂ ತೇವಕ್ಕೂ ಒಳ್ಳೆಯದೇ. ಆದರೆ ಅದು ಚರ್ಮವನ್ನು ಸುಟ್ಟು ಬೊಕ್ಕೆ ಎಬ್ಬಿಸುತ್ತದೆ, ಗ್ಲೌಸ್ ಹಾಕಿಕೊಳ್ಳದೆ ಮುಟ್ಟಬೇಡಿ.

ಹೆಚ್ಚು ತೊಂದರೆ ಕೊಡುವುದು ನೆತ್ತಿಯ ಮೂಲೆ ಹಂಚು, ಅಂದರೆ ಮಾಡಿನ ಎರಡು ಇಳಿಜಾರು ಕೂಡುವಲ್ಲಿ ಗಾರೆ ಹಾಕಿ ಕೂರಿಸುವ ಹಂಚು. ಅಲ್ಲಿನ ಗಾರೆ ಬಿರುಕು ಬಿಟ್ಟಾಗ ಮೇಲಿಂದ ಇನ್ನೊಂದಿಷ್ಟು ಸಿಮೆಂಟ್ ಮೆತ್ತುವುದು ಎಲ್ಲ ಕಡೆ ಕಾಣುವ ರಿಪೇರಿ, ಮತ್ತು ಒಂದೇ ಮಳೆಗಾಲ ಬಾಳುವ ರಿಪೇರಿ. ಹಳೆ ಗಾರೆಯನ್ನು ಉಳಿಯಿಂದ ಪೂರ್ತಿ ಕೆತ್ತಿ, ಬ್ರಷ್ಷಿನಿಂದ ಧೂಳು ತೆಗೆದು, ಮೂಲೆ ಹಂಚನ್ನು ಬಕೆಟಿನಲ್ಲಿ ನೆನೆಸಿಡಿ. ಒಣ ಹಂಚು ಗಾರೆಯ ನೀರನ್ನು ಹೀರಿಕೊಂಡರೆ ಸಿಮೆಂಟ್ ಗಟ್ಟಿಯಾಗುವ ಮೊದಲೇ ಪುಡಿಯಾಗುತ್ತದೆ. ಮಿಶ್ರಣ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಜರಡಿ ಹಿಡಿದ ಮರಳು. ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಎಂದುಕೊಳ್ಳುವುದು ತಪ್ಪು, ಆಗ ಗಾರೆ ಕುಗ್ಗಿ ಇನ್ನಷ್ಟು ಬೇಗ ಸೀಳುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಗಾರೆ ಮೂಲೆ ಹಂಚಿನ ಅಂಚಿನಿಂದ ಹೊರಗೆ ಚಾಚದೆ ಒಳಗೇ ನಿಲ್ಲಲಿ; ಹೊರಗೆ ಬಂದ ಗಾರೆಯ ಮೇಲೆ ನೀರು ನಿಂತು ಒಳಗೆ ಇಳಿಯುತ್ತದೆ. ಏಳು ದಿನ ಗೋಣಿ ಹೊದಿಸಿ ಬೆಳಿಗ್ಗೆ ಸಂಜೆ ನೀರು ಹಾಕಬೇಕು. ಸ್ಟೋರಿನಲ್ಲಿ ಉಳಿದಿರುವ ಹೋದ ವರ್ಷದ ಅರ್ಧ ಚೀಲ ಸಿಮೆಂಟ್ ಈ ಕೆಲಸಕ್ಕೆ ಬೇಡ. ಒಂದು ಮಳೆಗಾಲ ಇಲ್ಲಿನ ತೇವ ಕುಡಿದ ಸಿಮೆಂಟಿನಲ್ಲಿ ಕಸುವಿರುವುದಿಲ್ಲ.

ತಗಡು ಶೀಟಿನ ಮಾಡಾದರೆ ನೋಡಬೇಕಾದದ್ದು ಸ್ಕ್ರೂ. ಅದರ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಸಡಿಲವಾದದ್ದನ್ನೇ ಮತ್ತೆ ತಿರುಗಿಸದೆ ಒಂದು ಸೈಜ್ ದಪ್ಪದ ಹೊಸ ಸ್ಕ್ರೂ ಹಾಕಿ. ವಾಷರ್ ತುಸು ಅಮುಕಿದ ಕೂಡಲೇ ನಿಲ್ಲಿಸಿ. ವಾಷರ್ ಹೊರಗೆ ಉಬ್ಬುವಷ್ಟು ಬಿಗಿದರೆ ಮುಂದಿನ ವರ್ಷ ಅಲ್ಲೇ ಸೋರುತ್ತದೆ.

ದಂಬೆಯ ಲೆಕ್ಕ ಸುಲಭ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. 500 ಚದರ ಅಡಿ, ಅಂದರೆ ಸುಮಾರು 46 ಚದರ ಮೀಟರ್ ನೆಲ ಮುಚ್ಚುವ ಮಾಡಿನ ಮೇಲೆ ಗಂಟೆಗೆ 100 ಮಿ.ಮೀ. ವೇಗದಲ್ಲಿ ಮಳೆ ಹೊಡೆದರೆ ನಿಮಿಷಕ್ಕೆ 75 ಲೀಟರಿಗೂ ಹೆಚ್ಚು ನೀರು ಇಳಿಯಬೇಕು. ಮಳೆ ಕಡಿಮೆಯಿರುವ ಕುಶಾಲನಗರದ ಕಡೆ ಸಣ್ಣ ಪೈಪಿನಲ್ಲಿ ಹೇಗೋ ನಡೆದೀತು. ಮಳೆ ಜೋರಾದ ಭಾಗಮಂಡಲ, ನಾಪೋಕ್ಲು ಕಡೆ 4 ಇಂಚಿನ ಪೈಪ್‌ಗಿಂತ ಕಡಿಮೆ ಬೇಡ. ದಂಬೆಗೆ 10 ಅಡಿಗೆ ಅರ್ಧ ಇಂಚು ಇಳಿಜಾರು ಕೊಡಿ. ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಎರಡು ತುದಿಯ ಮಟ್ಟ ಗುರುತಿಸಿ, ನೀರು ಇಳಿಯುವ ತುದಿಯನ್ನು ಅಷ್ಟು ತಗ್ಗಿಸಿದರಾಯಿತು. ಕ್ಲಾಂಪ್ 2 ಅಡಿಗೊಂದು ಇರಲಿ, ಇಲ್ಲದಿದ್ದರೆ ನಡುವೆ ಜೋಲುತ್ತದೆ. ಸುತ್ತ ಸಿಲ್ವರ್ ಓಕ್ ಇದ್ದರೆ ಪೈಪಿನ ಬಾಯಿಗೆ ಚಪ್ಪಟೆ ಜಾಲರಿ ಹಾಕಬೇಡಿ, ಎಲೆ ಅದರ ಮೇಲೆ ಚಾಪೆ ಹಾಸಿ ಮುಚ್ಚಿಬಿಡುತ್ತದೆ. ಗುಮ್ಮಟದಂತೆ ಬಗ್ಗಿಸಿದ ಜಾಲರಿ ಹಾಕಿದರೆ ಬದಿಯಿಂದಾದರೂ ನೀರು ಹೋಗುತ್ತದೆ.

ಗೋಡೆಯ ತೇವ ಎಲ್ಲಿಂದ ಬಂತೆಂದು ತಿಳಿಯಲು ಒಂದಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹನಿ ಹಾಳೆಯ ಒಳಮೈಯಲ್ಲಿದ್ದರೆ ನೀರು ಗೋಡೆಯಲ್ಲೇ ಇದೆ. ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಅದಕ್ಕೆ ಬೇಕಾದದ್ದು ಕಿಟಕಿ, ವಾಟರ್‌ಪ್ರೂಫ್ ಡಬ್ಬಿಯಲ್ಲ. ಕೆಳಗಿನ ಎರಡಡಿ ಮಾತ್ರ ಹಾಳಾಗುವ ಗೋಡೆಗಳಲ್ಲಿ ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವುದೂ ಒಂದು ಮುಖ್ಯ ಕಾರಣ. ಹನಿ ಬೀಳುವ ಸಾಲಿನಲ್ಲಿ ಒಂದಡಿ ಅಗಲ, ಅರ್ಧ ಅಡಿ ಆಳದ ಚರಂಡಿ ತೋಡಿ ಜಲ್ಲಿ ತುಂಬಿದರೆ ಸಿಡಿತ ಬಹಳ ಕಡಿಮೆಯಾಗುತ್ತದೆ. ಕೊಡವ ಕುಟುಂಬಗಳ ಹಳೆಯ ಮೂಲಮನೆಗಳಾದ ಐನ್‌ಮನೆಗಳ ಮಣ್ಣಿನ ಗೋಡೆಗೆ ದಯವಿಟ್ಟು ಸಿಮೆಂಟ್ ಪ್ಲಾಸ್ಟರ್ ಮಾಡಬೇಡಿ. ಒಳಗಿನ ತೇವ ಹೊರಬರಲಾಗದೆ ಮಣ್ಣು ಕರಗಿ, ಪ್ಲಾಸ್ಟರ್ ಹಾಳೆಹಾಳೆಯಾಗಿ ಬೀಳುತ್ತದೆ. ಸುಣ್ಣದ ಗಾರೆ, ಮೇಲೆ ಸುಣ್ಣ, ಅಷ್ಟೇ ಅದಕ್ಕೆ ಒಗ್ಗುವುದು.

ಇಷ್ಟೆಲ್ಲ ಮಾಡಿದರೂ ಜುಲೈಯಲ್ಲಿ ಎಲ್ಲೋ ಒಂದು ಹಂಚು ಒಡೆಯಬಹುದು, ಅದಕ್ಕೆಂದು 20–30 ಹಂಚು ಅಟ್ಟದಲ್ಲಿ ಇಟ್ಟಿರಿ. ಮಳೆಯಲ್ಲಿ ಮಾಡು ಹತ್ತಬೇಡಿ. ಸೀಲಿಂಗ್ ಇಲ್ಲದ ಮಾಡಾದರೆ ಒಳಗಿಂದಲೇ, ಒಡೆದ ಹಂಚಿನ ಮೇಲಿನ ಸಾಲನ್ನು ಅಂಗೈಯಿಂದ ತುಸು ಎತ್ತಿ, ಒಂದಡಿ ಅಗಲ, ಒಂದೂವರೆ ಅಡಿ ಉದ್ದದ ತೆಳು ಅಲ್ಯೂಮಿನಿಯಂ ತಗಡನ್ನು ಸಂದಿನಿಂದ ಹೊರಗೆ ತೂರಿಸಿ ಒಡೆದ ಹಂಚಿನ ಮೇಲೆ ಕೂರಿಸಬಹುದು. ತಗಡಿನ ಮೇಲಂಚು ಮೇಲಿನ ಹಂಚಿನ ಅಡಿಯಲ್ಲಿ ಕನಿಷ್ಠ 3 ಇಂಚು ಇರಬೇಕು, ಕೆಳ ಅಂಚು ಕೆಳಗಿನ ಸಾಲಿನ ಹಂಚಿನ ಮೇಲೆ ಬರಬೇಕು. ಮೇಲಂಚನ್ನು ಅರ್ಧ ಇಂಚು ಮಡಚಿ ರೀಪಿಗೆ ಸಿಕ್ಕಿಸಿದರೆ ಗಾಳಿಗೆ ಜಾರುವುದಿಲ್ಲ. ಸೆಪ್ಟೆಂಬರಿನವರೆಗೆ ಅಷ್ಟು ಸಾಕು.