ಬ್ಲಂಟ್ ಅಂದದ್ದು ತಪ್ಪಾಯ್ತು

ಕೆಲಸ ಬಿಟ್ಟು ಹೊರಟಿದ್ದ ಸಹೋದ್ಯೋಗಿಯೊಬ್ಬರಿಗೆ ಎಲ್ಲರೂ ಸೇರಿ ಒಂದು ಕಾರ್ಡ್ ಕೊಟ್ಟೆವು. ಮೂರು ವರ್ಷ ನನ್ನ ವರದಿಗಳನ್ನೆಲ್ಲ ಸಾಲು ಸಾಲಾಗಿ ಓದಿ ತಿದ್ದಿದವರು ಅವರು. ಮುಲಾಜು ನೋಡದೆ ಇದ್ದದ್ದು ಇದ್ದ ಹಾಗೆ ಹೇಳಿದಿರಿ, ಅದರಿಂದಲೇ ನಾನು ಕಲಿತೆ, ಅಂತ ಬರೆಯುವ ಆಸೆ ನನಗೆ. ಬೇರೆಯವರೆಲ್ಲ ಇಂಗ್ಲಿಷಿನಲ್ಲಿ ಬರೆದಿದ್ದರು. ನಾನೂ ಇಂಗ್ಲಿಷಿನಲ್ಲೇ, ನನ್ನ ಹತ್ತಿರ ಯಾವಾಗಲೂ 'ಬ್ಲಂಟ್' ಆಗಿ ಇದ್ದದ್ದಕ್ಕೆ ಥ್ಯಾಂಕ್ಸ್ ಅಂತ ಬರೆದೆ. ಸಂಜೆ ಅವರು ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಅಷ್ಟು ಒರಟಾಗಿ ಮಾತಾಡ್ತಿದ್ನಾ ನಾನು?"

ಏನು ಹೇಳಬೇಕೋ ತೋಚಲಿಲ್ಲ. ಮನಸ್ಸಿನಲ್ಲಿದ್ದದ್ದು ಸರಿ ಇತ್ತು, ಪದ ತಪ್ಪಿತ್ತು. ಅಂದಿನಿಂದ ಈ ಪದಗಳ ಹಿಂದೆ ಬಿದ್ದಿದ್ದೇನೆ.

ನಿಘಂಟು ತೆಗೆದರೆ ಫ್ರ್ಯಾಂಕ್, ಕ್ಯಾಂಡಿಡ್, ಬ್ಲಂಟ್, ಔಟ್‌ಸ್ಪೋಕನ್ ಎಲ್ಲದಕ್ಕೂ ಸುಮಾರು ಒಂದೇ ಅರ್ಥ ಸಿಗುತ್ತದೆ: ನೇರ ಮಾತಿನ, ಮುಚ್ಚುಮರೆ ಇಲ್ಲದ. ಆದರೆ ನಮ್ಮಲ್ಲೂ ಮನಬಿಚ್ಚಿ ಹೇಳುವುದು ಬೇರೆ, ಕಡ್ಡಿ ಮುರಿದ ಹಾಗೆ ಹೇಳುವುದು ಬೇರೆ, ಮುಖಕ್ಕೆ ಹೊಡೆದ ಹಾಗೆ ಹೇಳುವುದು ಬೇರೆ ಅಲ್ವಾ? ಇಂಗ್ಲಿಷಿನಲ್ಲೂ ಹಾಗೇ.

ಬ್ಲಂಟ್ ಅಂದರೆ ಮೊಂಡು. ಮೊಂಡಾದ ಚಾಕುವಿಗೂ ಅದೇ ಪದ, ಮೊನೆ ಸವೆದ ಪೆನ್ಸಿಲಿಗೂ ಅದೇ ಪದ. ಮೊಂಡು ಚಾಕು ನೀಟಾಗಿ ಕತ್ತರಿಸುವುದಿಲ್ಲ, ಜಜ್ಜುತ್ತದೆ. ಬ್ಲಂಟ್ ಮಾತು ಸುಳ್ಳೇನೂ ಅಲ್ಲ, ಆದರೆ ಕೇಳಿದವರಿಗೆ ನೋವಾಗುತ್ತದೋ ಇಲ್ಲವೋ ಅನ್ನುವ ಯೋಚನೆ ಅದರಲ್ಲಿ ಇರುವುದಿಲ್ಲ. 'ನಾನು ಸ್ವಲ್ಪ ಬ್ಲಂಟ್ ಆಗಿ ಹೇಳ್ತೀನಿ' ಅಂತ ನಮ್ಮ ಬಗ್ಗೆ ನಾವು ಹೇಳಿಕೊಂಡರೆ ಅದು ಮುಂಚೆಯೇ ಕೊಟ್ಟ ಎಚ್ಚರಿಕೆ. ಅದನ್ನೇ ಇನ್ನೊಬ್ಬರ ಬಗ್ಗೆ ಹೇಳಿದರೆ ಬಹಳ ಸಲ ದೂರಿನ ಹಾಗೆ ಕೇಳಿಸುತ್ತದೆ. ಅವರಿಗೂ ಹಾಗೇ ಕೇಳಿಸಿತು.

ಫ್ರ್ಯಾಂಕ್ ಪದದ ಹಿಂದೆ ಒಂದು ಜನಾಂಗವೇ ಇದೆ. ಹಿಂದೆ ಗಾಲ್ ಅನ್ನುತ್ತಿದ್ದ ನಾಡನ್ನು ಗೆದ್ದು, ಅದಕ್ಕೆ ಫ್ರಾನ್ಸ್ ಅನ್ನುವ ಹೆಸರು ಬರಲು ಕಾರಣರಾದ ಫ್ರಾಂಕರು. ಅವರು ಆಳುವವರು, ಯಾರಿಗೂ ಅಡಿಯಾಳಲ್ಲ. ಹಾಗಾಗಿ ಅವರ ಹೆಸರೇ ಲ್ಯಾಟಿನ್‌ನಲ್ಲಿ 'ಸ್ವತಂತ್ರ' ಅನ್ನುವ ಅರ್ಥಕ್ಕೆ ತಿರುಗಿತು. ಅಂಚೆ ಖರ್ಚಿಲ್ಲದೆ ಹೋಗಲಿ ಅಂತ ಕಾಗದದ ಮೇಲೆ ಗುರುತು ಹಾಕುವುದಕ್ಕೆ ಫ್ರ್ಯಾಂಕ್ ಮಾಡುವುದು ಅಂದದ್ದೂ ಇದೇ ಬೇರಿನಿಂದ. ಫ್ರ್ಯಾಂಕ್ ಆಗಿ ಮಾತಾಡುವವರು ಅಂದರೆ ಯಾರ ಹಂಗೂ ಇಲ್ಲದೆ ಮಾತಾಡುವವರು. ಬ್ಲಂಟ್ ಅಂದಾಗ ಕಣ್ಣು ಕೇಳುವವರ ಗಾಯದ ಕಡೆ ಹೋಗುತ್ತದೆ, ಫ್ರ್ಯಾಂಕ್ ಅಂದಾಗ ಹೇಳುವವರ ಧೈರ್ಯದ ಕಡೆ. ಒಂದು ಬಳಕೆ ಮಾತ್ರ ಗಮನಿಸಬೇಕು: ಎರಡು ದೇಶಗಳ ಮಂತ್ರಿಗಳು ಕೂತು ಮಾತಾಡಿ, ಆಮೇಲೆ 'ಫ್ರ್ಯಾಂಕ್' ಚರ್ಚೆ ನಡೆಯಿತು ಅಂತ ಹೇಳಿಕೆ ಕೊಟ್ಟರೆ, ಒಳಗೆ ಭಿನ್ನಾಭಿಪ್ರಾಯ ಜೋರಾಗೇ ಇತ್ತು ಅಂತ ಸಾಮಾನ್ಯವಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ನನಗೆ ಜಾಸ್ತಿ ಇಷ್ಟವಾದದ್ದು ಕ್ಯಾಂಡಿಡ್. ಲ್ಯಾಟಿನ್‌ನಲ್ಲಿ ಅದರ ಮೂಲ ಪದಕ್ಕೆ ಬಿಳಿ, ಹೊಳೆಯುವ ಅಂತ ಅರ್ಥ. ಕ್ಯಾಂಡಲ್ ಕೂಡ ಅದೇ ಕುಟುಂಬ. ಕ್ಯಾಂಡಿಡೇಟ್ ಕೂಡ, ಯಾಕೆಂದರೆ ರೋಮ್‌ನಲ್ಲಿ ಪದವಿಗೆ ಸ್ಪರ್ಧಿಸುವವರು ಸೀಮೆಸುಣ್ಣ ತೀಡಿ ಬೆಳ್ಳಗೆ ಮಾಡಿದ ಬಟ್ಟೆ ಉಟ್ಟು ಜನರ ನಡುವೆ ಓಡಾಡುತ್ತಿದ್ದರು. ಜೇನ್ ಆಸ್ಟಿನ್ 1813ರ ಕಾದಂಬರಿಯಲ್ಲಿ ಒಬ್ಬಳನ್ನು ಕ್ಯಾಂಡಿಡ್ ಅಂದದ್ದು ಅವಳು ಎಲ್ಲರಲ್ಲೂ ಒಳ್ಳೆಯದನ್ನೇ ಕಾಣುತ್ತಾಳೆ, ಕೆಟ್ಟದ್ದು ಆಡುವುದಿಲ್ಲ ಅನ್ನುವ ಅರ್ಥದಲ್ಲಿ. ಇವತ್ತಿನ ಅರ್ಥಕ್ಕೆ ಹೆಚ್ಚುಕಡಿಮೆ ತಿರುಗುಮುರುಗು! ಆದರೂ ಆ ಹಳೆಯ ಮೃದುತನ ಪದದಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಅಂತ ನನಗೆ ಅನ್ನಿಸುತ್ತದೆ. ಕ್ಯಾಂಡಿಡ್ ಫೋಟೋ ಅಂದರೆ ಪೋಸ್ ಕೊಡದೆ ಇದ್ದಾಗ ತೆಗೆದ ಫೋಟೋ. ಫ್ರ್ಯಾಂಕ್ ಫೋಟೋ ಅಂತ ಯಾರೂ ಹೇಳುವುದಿಲ್ಲ. 'ಕಾಯಿಲೆ ಗಂಭೀರವಾಗಿದೆ' ಅಂತ ವೈದ್ಯರು ನೇರವಾಗಿ ಹೇಳಿದರೆ ನಾನು ಫ್ರ್ಯಾಂಕ್ ಅನ್ನುತ್ತೇನೆ. 'ಮೊದಲ ಸಲ ನೋಡಿದಾಗ ನನ್ನ ಅಂದಾಜು ತಪ್ಪಿತ್ತು' ಅಂತ ಅವರೇ ಹೇಳಿಕೊಂಡರೆ ಅದು ಕ್ಯಾಂಡಿಡ್. ಅವರು ಅದನ್ನು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ.

ಆನೆಸ್ಟ್ ಇವೆರಡಕ್ಕಿಂತ ದೊಡ್ಡ ಪದ, ಆದರೆ ಒಂದು ರೀತಿಯಲ್ಲಿ ಅದು ಕೇಳುವುದು ಕಡಿಮೆ. ಸುಳ್ಳು ಹೇಳದೆ, ಮೋಸ ಮಾಡದೆ, ಸುಮ್ನೆ ಬಾಯಿ ಮುಚ್ಚಿಕೊಂಡಿದ್ದರೂ ಆನೆಸ್ಟ್ ಆಗಿರಬಹುದು. ಬಾಯಿ ಮುಚ್ಚಿಕೊಂಡು ಕ್ಯಾಂಡಿಡ್ ಆಗಿರಲು ಆಗುವುದಿಲ್ಲ. ಸಿನ್ಸಿಯರ್ ಅಂದರೆ ಮನಸ್ಸಿನಲ್ಲಿ ಇರುವುದೇ ಬಾಯಲ್ಲಿ ಬರುವುದು, ಆ ಮಾತು ತಪ್ಪೇ ಇದ್ದರೂ. (ಅದು 'ಮೇಣವಿಲ್ಲದ' ಅನ್ನುವ ಪದದಿಂದ ಬಂತು, ಶಿಲ್ಪಿಗಳು ಬಿರುಕಿಗೆ ಮೇಣ ಮೆತ್ತುತ್ತಿದ್ದರು ಅಂತ ಒಂದು ಕಥೆ ಓಡಾಡುತ್ತಿದೆ. ಅದಕ್ಕೆ ಆಧಾರವಿಲ್ಲ, ನಂಬಬೇಡಿ.) ಔಟ್‌ಸ್ಪೋಕನ್ ಅಂದರೆ ನಾಲ್ಕು ಜನರ ಮುಂದೆ ತನ್ನ ಅಭಿಪ್ರಾಯ ಹೇಳಲು ಹಿಂಜರಿಯದವರು. ಗುಟ್ಟಾಗಿ ಕಿವಿಯಲ್ಲಿ ಹೇಳುವುದಕ್ಕೆ ಆ ಪದ ಹೊಂದುವುದಿಲ್ಲ.

ಇಷ್ಟು ತಿಳಿದ ಮೇಲೆ ಅವರು ತಿದ್ದಿದ ಹಳೆಯ ವರದಿಯೊಂದನ್ನು ತೆಗೆದು ನೋಡಿದೆ. ಅಂಚಿನಲ್ಲಿ ಹೀಗಿತ್ತು: 'ಮೊದಲ ಎರಡು ಪ್ಯಾರಾ ಬೇಡ. ನೀವು ಹೇಳಬೇಕಾದದ್ದು ಮೂರನೆಯದರಲ್ಲಿದೆ, ಚೆನ್ನಾಗಿದೆ.' ಇದರಲ್ಲಿ ಜಜ್ಜುವುದು ಎಲ್ಲಿದೆ? ಅವತ್ತೇ ಅವರು ನನ್ನನ್ನು ಕೂರಿಸಿಕೊಂಡು, ತಮ್ಮ ಮೊದಲ ವರದಿ ಮೂರು ಸಲ ವಾಪಸ್ ಬಂದದ್ದು, ಆಮೇಲೆ ಒಬ್ಬರೇ ಕೂತು ಅತ್ತದ್ದು, ಎಲ್ಲ ಹೇಳಿದ್ದರು.

ರಾತ್ರಿ ಅವರಿಗೆ ಮೆಸೇಜ್ ಕಳಿಸಿದೆ. ನನ್ನ ಬರವಣಿಗೆಯ ವಿಷಯದಲ್ಲಿ ನೀವು ಫ್ರ್ಯಾಂಕ್, ನಿಮ್ಮ ವಿಷಯದಲ್ಲಿ ಕ್ಯಾಂಡಿಡ್, ಬ್ಲಂಟ್ ಯಾವತ್ತೂ ಆಗಿರಲಿಲ್ಲ, ನಾನು ಹಾಕಿದ ಪದ ತಪ್ಪು, ಕ್ಷಮಿಸಿ ಅಂತ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಈಗ ಸರಿ ಇದೆ. ಮೊದಲಿನ ಸಾಲು ತೆಗೆದು ಇದನ್ನ ಇಟ್ಕೊತೀನಿ."