ತಿಂಡಿ ಆಯ್ತಾ ಅಂತ ಕೇಳದೇ ಹೋದ ದಿನ

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಹಲ್ಲಿನ ಕ್ಲಿನಿಕ್ ತೆರೆದ ಮೊದಲ ವರ್ಷದ ಮಾತು. ಬೆಳಿಗ್ಗೆ ಹನ್ನೊಂದೂವರೆ ಹೊತ್ತಿಗೆ ಅರವತ್ತರ ಆಸುಪಾಸಿನ ಯಜಮಾನರೊಬ್ಬರು ಬಂದರು. ದವಡೆ ಹಲ್ಲು ಅಲ್ಲಾಡುತ್ತಿತ್ತು, ಕೀಳಬೇಕಿತ್ತು. ‘ಶುಗರ್ ಇದೆಯಾ?’ ಅಂದೆ. ‘ಇದೆ ಸಾರ್, ಮಾತ್ರೆ ನುಂಗೇ ಬಂದಿದೀನಿ’ ಅಂದರು. ಬಿಪಿ ಸರಿಯಿತ್ತು. ಅಲ್ಲಿಗೆ ನನ್ನ ವಿಚಾರಣೆ ಮುಗಿಯಿತು.

ಇಂಜೆಕ್ಷನ್ ಕೊಟ್ಟು ಜೋಮು ಹಿಡಿಯಲಿ ಅಂತ ಕಾಯುತ್ತಿದ್ದೆ. ಅವರ ಹಣೆ ಬೆವರಿತು, ಕೈ ನಡುಗತೊಡಗಿತು. ಸೂಜಿಯ ಹೆದರಿಕೆ ಅಂದುಕೊಂಡೆ. ನನಗಿಂತ ಹೆಚ್ಚು ಬಾಯಿಗಳನ್ನು ಕಂಡಿದ್ದ ನಮ್ಮ ಸಿಸ್ಟರ್, ‘ತಿಂಡಿ ಆಯ್ತಾ ಯಜಮಾನ್ರೇ?’ ಅಂತ ಕೇಳಿದರು. ಆಗಿರಲಿಲ್ಲ. ಹಲ್ಲು ಕೀಳಿಸೋಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಅಂತ ಯಾರೋ ಹೇಳಿದ್ದರಂತೆ. ಮಾತ್ರೆ ನುಂಗಿ ತಿಂಡಿ ಬಿಟ್ಟಿದ್ದರಿಂದ ಶುಗರ್ ತೀರಾ ಇಳಿದುಹೋಗಿತ್ತು.

ಪಕ್ಕದ ಮೆಡಿಕಲ್ಸ್‌ನಿಂದ ಗ್ಲುಕೋಸ್ ಪುಡಿ ಬಂತು. ಎಬ್ಬಿಸಿ ಕೂರಿಸಿ ಕುಡಿಸಿದೆವು. ಅರ್ಧ ತುಟಿಗೆ ಜೋಮು ಹಿಡಿದಿದ್ದರಿಂದ ಒಂದಿಷ್ಟು ಅಂಗಿಯ ಮೇಲೇ ಹೋಯಿತು. ಕಾಲು ಗಂಟೆಗೆ ಸುಧಾರಿಸಿಕೊಂಡು, ‘ಕಿತ್ತಾಯ್ತಾ?’ ಅಂದರು! ಅವತ್ತು ಕೀಳಲಿಲ್ಲ. ಸಂಜೆ ಹೋಗಿ ಶುಗರ್ ನೋಡುವ ಗ್ಲುಕೋಮೀಟರ್ ತಂದೆ. ಕ್ಲಿನಿಕ್ಕಿಗೆ ದುಬಾರಿ ಕುರ್ಚಿ ಹಾಕಿಸಿದ್ದ ನನಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ.

ಬಾಯಿಗಷ್ಟೇ ಜೋಮು ಹಿಡಿಸುವ ಇಂಜೆಕ್ಷನ್ನಿಗೆ ಉಪವಾಸ ಬೇಕಿಲ್ಲ. ಈಗ ಶುಗರ್ ಇರುವವರಿಗೆ ತಿಂಡಿಯಾದ ಮೇಲಿನ ಬೆಳಗಿನ ಹೊತ್ತನ್ನೇ ಕೊಡುತ್ತೇವೆ. ತಿಂಡಿ, ಮಾತ್ರೆ, ಇನ್ಸುಲಿನ್ ಎಲ್ಲ ಎಂದಿನಂತೆಯೇ. ಬಂದ ಕೂಡಲೇ ಬೆರಳು ಚುಚ್ಚಿ ನೋಡುತ್ತೇವೆ. ಶುಗರ್ 70 ಮಿ.ಗ್ರಾಂ/ಡಿ.ಎಲ್‌ಗಿಂತ ಕೆಳಗಿದ್ದರೆ ಮೊದಲು ಗ್ಲುಕೋಸ್. ಹಲ್ಲು ಕಿತ್ತ ಮೇಲೂ ಊಟ ಬಿಡಬೇಡಿ, ಆರಿದ ಗಂಜಿಯನ್ನಾದರೂ ಕುಡಿಯಿರಿ ಅನ್ನುತ್ತೇವೆ.

ಇನ್ನೊಂದು ತಪ್ಪು ತಿಳಿಯಲು ತಡವಾಯಿತು. ಅವರ ಹಲ್ಲಿಗೆ ಹುಳುಕೇ ಇರಲಿಲ್ಲ. ಗಟ್ಟಿ ಹಲ್ಲು ಯಾಕೆ ಅಲ್ಲಾಡಬೇಕು ಅಂತ ನಾನು ಯೋಚಿಸಬೇಕಿತ್ತು. ಸಕ್ಕರೆ ಹತೋಟಿ ತಪ್ಪಿದರೆ ವಸಡಿನ ಸೋಂಕು ಬಲಿತು, ಹಲ್ಲು ಹಿಡಿದ ಮೂಳೆಯೇ ಕರಗುತ್ತದೆ. ಆ ಸೋಂಕು ತಿರುಗಿ ಸಕ್ಕರೆ ಇಳಿಯದಂತೆ ಮಾಡುತ್ತದೆ. ವಸಡಿನ ಆಳದ ಕೊಳೆ ತೆಗೆಸಿದರೆ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆ. ಸಣ್ಣ ಅಂಕಿ ಅನ್ನಿಸಬಹುದು, ಶುಗರ್ ಡಾಕ್ಟರನ್ನು ಕೇಳಿ ನೋಡಿ. ಹಾಗಂತ ಮಾತ್ರೆ ಬಿಡುವಂತಿಲ್ಲ.

ವಸಡಿನಲ್ಲಿ ರಕ್ತ ಬರುತ್ತೆ ಅಂತ ಆ ಜಾಗಕ್ಕೆ ಬ್ರಷ್ ಮುಟ್ಟಿಸದವರೇ ನಮ್ಮಲ್ಲಿ ಜಾಸ್ತಿ. ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಬೇಕಾದದ್ದು ಅಲ್ಲೇ. ಬೀಡಿ ಸೇದುವವರದ್ದು ಇನ್ನೂ ಮೋಸ. ಒಳಗೆ ರೋಗವಿದ್ದರೂ ರಕ್ತ ಅಷ್ಟಾಗಿ ಕಾಣುವುದಿಲ್ಲ. ಶುಗರ್ ಇರುವವರಿಗೆ ಕಣ್ಣು ತೋರಿಸಿ, ಪಾದ ತೋರಿಸಿ ಅನ್ನುವ ಡಾಕ್ಟರುಗಳು ಬಾಯಿ ತೋರಿಸಿ ಅನ್ನುವುದು ಅಪರೂಪ. ಅದಕ್ಕೆ ನಾನೇ ಅವರಿಗೆ ಚೀಟಿ ಬರೆದು ಕಳಿಸುತ್ತೇನೆ.

ಯಜಮಾನರ ಆ ಹಲ್ಲನ್ನು ಎರಡು ವಾರ ಬಿಟ್ಟು ಕಿತ್ತೆ. ಪಕ್ಕದ ಎರಡೂ ಅಲ್ಲಾಡಲು ಶುರುವಾಗಿದ್ದವು. ಮೂರು ತಿಂಗಳಿಗೊಮ್ಮೆ ಬಂದು ಕ್ಲೀನ್ ಮಾಡಿಸಿಕೊಂಡು ಹೋಗುತ್ತಾರೆ, ಇವತ್ತಿಗೂ ಅವೆರಡು ಇವೆ.